ಕೋತಿ ಕಾರ್ಖಾನೆ ಕಟ್ಟೀತೇ? ಕೋಟೆ ಹತ್ತುವಾಗ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಸಮಾಜ ಪಾಠದ ಮೇಷ್ಟ್ರು ಮದಕರಿ ನಾಯಕ, ಓಬವ್ವನ ಕಿಂಡಿ ಅಂತ ಹೇಳುತ್ತಾ ಮುಂದೆ ಹೋಗುತ್ತಾರೆ. ಹಿಂದೆ ಉಳಿದ ಹತ್ತು ಹದಿನೈದು ಮಕ್ಕಳು ಕೋತಿ ನೋಡುತ್ತಾ ನಿಲ್ಲುತ್ತಾರೆ, ಅವರ ಜತೆ ನಾನೂ ನಿಲ್ಲುತ್ತೇನೆ. ಮನುಷ್ಯರಲ್ಲದ ಪ್ರಾಣಿ ಯಾವುದಾದರೂ ನಮ್ಮ ಹಾಗೆ ತಂತ್ರಜ್ಞಾನ ಬೆಳೆಸಿ ಉದ್ಯಮ ಕಟ್ಟೀತೇ ಅಂತ ಅಲ್ಲಿ ಹುಟ್ಟಿದ ಪ್ರಶ್ನೆಗಳು ಇವು. ಈಚೆಗೆ ಮಕ್ಕಳ ಅಪ್ಪ ಅಮ್ಮಂದಿರೂ ಇವನ್ನೇ ಕೇಳತೊಡಗಿದ್ದಾರೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಸರ್, ಕೋತಿ ಬಾಟಲಿ ಮುಚ್ಚಳ ತಿರುಗಿಸಿ ತೆಗೀತು. ಅದಕ್ಕೆ ತಂತ್ರಜ್ಞಾನ ಗೊತ್ತು ಅಂತಲ್ವಾ?

ಎರಡು ವರ್ಷದ ಹಿಂದೆ ಗೋಪಾಲಸ್ವಾಮಿ ಹೊಂಡದ ಹತ್ತಿರ ನಮ್ಮ ಹುಡುಗನೊಬ್ಬನ ಕೈಯಿಂದ ಒಂದು ಹೆಣ್ಣು ಕೋತಿ ಮಾವಿನ ಜ್ಯೂಸಿನ ಬಾಟಲಿ ಕಿತ್ತುಕೊಂಡಿತು. ಬಂಡೆಯ ಮೇಲೆ ಕೂತು ಬಾಟಲಿಯನ್ನು ಕಾಲಲ್ಲಿ ಒತ್ತಿ ಹಿಡಿಯಿತು, ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಬಾಟಲಿಯನ್ನೇ ತಿರುಗಿಸಿತು. ಮುಚ್ಚಳ ಬಿಚ್ಚಿತು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ನೋಡುತ್ತಿದ್ದದ್ದು ಅದರ ಮರಿಯನ್ನು. ಮರಿ ತಾಯಿಯ ಮೊಣಕಾಲಿಗೆ ಆತುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿತ್ತು, ಬಿದ್ದ ಮುಚ್ಚಳ ಎತ್ತಿ ಮೂಸಿ ನೋಡಿತು. ತಾಯಿ ಒಂದು ಸಲವೂ ಮರಿಯ ಕಡೆ ತಿರುಗಲಿಲ್ಲ. ಬಾಟಲಿ ಅದರ ಕೈಗೆ ಕೊಡಲಿಲ್ಲ, ನಿಧಾನ ಮಾಡಿ ತೋರಿಸಲೂ ಇಲ್ಲ.

ಮುಚ್ಚಳ ತೆಗೆದದ್ದು ಜಾಣತನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂತ್ರಜ್ಞಾನ ಅನ್ನಿಸಿಕೊಳ್ಳಲು ಬೇಕಾದದ್ದು ಆ ತಾಯಿ ಮತ್ತು ಮರಿಯ ನಡುವೆ ನಡೆಯಬೇಕಿತ್ತು, ನಡೆಯಲಿಲ್ಲ. ಮುಂದಿನ ಉತ್ತರಗಳಲ್ಲೆಲ್ಲ ನಾನು ಸುತ್ತಿ ಬರುವುದು ಈ ಜಾಗಕ್ಕೇ.

ಮನುಷ್ಯರಲ್ಲದೆ ಬೇರೆ ಪ್ರಾಣಿಗಳು ನಿಜವಾಗಿ ಉಪಕರಣ ಮಾಡುತ್ತವೆಯೇ?

ಮಾಡುತ್ತವೆ. 1960ರಲ್ಲಿ ಜೇನ್ ಗುಡಾಲ್ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಒಂದು ಚಿಂಪಾಂಜಿಯನ್ನು ನೋಡಿದರು. ಅದು ಹುಲ್ಲಿನ ಕಡ್ಡಿಯನ್ನು ಹುತ್ತದ ತೂತಿಗೆ ಇಳಿಸಿ, ಕಚ್ಚಿಕೊಂಡು ಬಂದ ಗೆದ್ದಲನ್ನು ತಿನ್ನುತ್ತಿತ್ತು. ರೆಂಬೆಯ ಎಲೆ ತರಿದು ಕಡ್ಡಿ ಮಾಡಿಕೊಳ್ಳುವುದನ್ನೂ ಅವರು ಕಂಡರು. ಉಪಕರಣ ಮಾಡುವವನು ಮನುಷ್ಯನೊಬ್ಬನೇ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ನ್ಯೂ ಕ್ಯಾಲೆಡೋನಿಯಾದ ಕಾಗೆಗಳು ಕೇದಿಗೆ ಜಾತಿಯ ಗಿಡದ ಎಲೆಯ ಅಂಚನ್ನು ಸೀಳಿ ಹುಳು ತೆಗೆಯುವ ಕೊಕ್ಕೆ ಮಾಡುತ್ತವೆ. 2002ರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಟ್ಟಿ ಅನ್ನುವ ಕಾಗೆ ನೆಟ್ಟಗಿದ್ದ ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಸುದ್ದಿಯಾಯಿತು. ಆ ಕಾಗೆಗಳು ಕಾಡಿನಲ್ಲೂ ಕಡ್ಡಿ ಬಗ್ಗಿಸುತ್ತವೆ ಎಂದು ಮುಂದೆ ಗೊತ್ತಾಯಿತು, ಹಾಗಾಗಿ ಬೆಟ್ಟಿ ಮಾಡಿದ್ದು ಪೂರಾ ಹೊಸ ಆವಿಷ್ಕಾರ ಅನ್ನುವಂತಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು, ಅರ್ಧ ಸುದ್ದಿ ಹೇಳಿ ಬಿಡಬಾರದು.

ನಮ್ಮ ನಾಗರಹೊಳೆಯ ಆನೆಗಳದ್ದು ನನಗೆ ತುಂಬ ಇಷ್ಟವಾದ ಉದಾಹರಣೆ. ಅಲ್ಲಿ ಸಾಕಿದ ಆನೆಗಳಿಗೆ ನೊಣ ಓಡಿಸಿಕೊಳ್ಳಲು ಬಾರದಷ್ಟು ಉದ್ದದ ಕೊಂಬೆ ಕೊಟ್ಟು ನೋಡಿದರು. ಹಲವು ಆನೆಗಳು ಕೊಂಬೆಯನ್ನು ಮುಂಗಾಲಿನಲ್ಲಿ ಮೆಟ್ಟಿ, ಸೊಂಡಿಲಿನಿಂದ ಎಳೆದು ಮುರಿದು, ತಮಗೆ ಬೇಕಾದ ಅಳತೆಗೆ ತಂದುಕೊಂಡು ಬೀಸಿದವು. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು.

ಹಾಗಾದರೆ ಅವು ಅಲ್ಲೇ ಯಾಕೆ ನಿಂತವು? ಮುಂದಕ್ಕೆ ಯಾಕೆ ಹೋಗಲಿಲ್ಲ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲಿ ಚಿಂಪಾಂಜಿಗಳು ಬೇರನ್ನೋ ಬಂಡೆಯನ್ನೋ ಅಡಿಗಲ್ಲು ಮಾಡಿಕೊಂಡು, ಕಲ್ಲಿನಿಂದ ಗಟ್ಟಿ ಕಾಯಿ ಒಡೆಯುತ್ತವೆ. ನೆಲ ಅಗೆದು ನೋಡಿದಾಗ ಸುಮಾರು 4300 ವರ್ಷ ಹಳೆಯ ಒಡೆಗಲ್ಲುಗಳು ಸಿಕ್ಕವು. ಬ್ರೆಜಿಲ್‌ನ ಕಪುಚಿನ್ ಕೋತಿಗಳದ್ದೂ ಹಾಗೇ, ಅವುಗಳ ಕಲ್ಲುಗಳು ಸುಮಾರು 3000 ವರ್ಷ ಹಿಂದಕ್ಕೆ ಹೋಗುತ್ತವೆ. ಅಷ್ಟು ವರ್ಷ ಅದೇ ಕೆಲಸ ನಡೆದು ಬಂದಿದೆ. ಕಲ್ಲಿಗೆ ಹಿಡಿ ಕಟ್ಟಿದವರಿಲ್ಲ, ಕಲ್ಲನ್ನು ಬೇಕೆಂದೇ ಚೂಪು ಮಾಡಿದವರಿಲ್ಲ. ಕಪುಚಿನ್ ಕೋತಿ ಕಲ್ಲಿಗೆ ಕಲ್ಲು ಹೊಡೆದಾಗ ನಮ್ಮ ಪೂರ್ವಜರು ಮಾಡಿದಂಥದೇ ಚಕ್ಕೆಗಳು ಏಳುತ್ತವೆ. ಕೋತಿ ಅವನ್ನು ಎತ್ತಿ ಬಳಸುವುದಿಲ್ಲ, ಅಲ್ಲೇ ಬಿಟ್ಟು ಹೋಗುತ್ತದೆ.

ಈಗ ನಮ್ಮ ಕಡೆಯ ನೆಲ ನೋಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಕೆಳಗಿನ ಪದರದಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿ, ಅದರ ಮೇಲಿನ ಕಾಲದಲ್ಲಿ ಕಲ್ಲುಗೋರಿಗಳು ಮತ್ತು ಕಬ್ಬಿಣ, ಅದಕ್ಕೂ ಮೇಲೆ ಚಕ್ರದಲ್ಲಿ ತಿರುಗಿಸಿ ಮಾಡಿದ ಮಡಕೆ. ಒಂದೇ ಊರಿನ ಮಣ್ಣಿನಲ್ಲಿ ಮೆಟ್ಟಿಲು ಇಟ್ಟ ಹಾಗೆ. ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹೇಳಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ ಲಿಪಿಕಾರ ಎನ್ನುವ ಮಾತು ಮಾತ್ರ ಖರೋಷ್ಠಿಯಲ್ಲಿದೆ, ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಒಂದು ವಿದ್ಯೆ ಮೊಳಕಾಲ್ಮೂರಿನ ಬಂಡೆಗೆ ಬಂದು ಕೂತಿದೆ. ಚಪಡ ಸತ್ತು ಎರಡು ಸಾವಿರ ವರ್ಷ ದಾಟಿದ ಮೇಲೂ ಅವನ ಬರವಣಿಗೆಯನ್ನು ನಾವು ಓದುತ್ತೇವೆ.

ಅಲ್ಲಿಗೆ ಹೋದಾಗಲೆಲ್ಲ ನಾನು ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಕಲ್ಲಿನ ಕೊಡಲಿ ಮಾಡಿದವನ ತಲೆಗೂ ಕಬ್ಬಿಣ ಕರಗಿಸಿದವನ ತಲೆಗೂ ವ್ಯತ್ಯಾಸವಿರಲಿಲ್ಲ. ಇಬ್ಬರೂ ನಮ್ಮಂಥ ಮನುಷ್ಯರೇ. ಬದಲಾದದ್ದು ಕೈಯಿಂದ ಕೈಗೆ ಬಂದ ಗಂಟು. ಅಪ್ಪ ಕಲಿತದ್ದರ ಮೇಲೆ ಮಗಳು ಒಂದು ಚೂರು ಸೇರಿಸುತ್ತಾಳೆ, ಅವಳ ಮಗ ಇನ್ನೊಂದು ಚೂರು. ಮೈಕೆಲ್ ಟೊಮಸೆಲ್ಲೊ ಎನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಹಿಂದಕ್ಕೆ ಜಾರದ ಹಲ್ಲಿನ ಚಕ್ರಕ್ಕೆ ಹೋಲಿಸಿದ್ದಾರೆ. ಬಾವಿಯ ಗಡಗಡೆಗೆ ಅಂಥ ಹಲ್ಲಿದ್ದರೆ ಕೈಬಿಟ್ಟರೂ ಕೊಡ ಕೆಳಗೆ ಹೋಗುವುದಿಲ್ಲ. ಪ್ರಾಣಿಗಳಲ್ಲಿ ಕೊಡ ಮೇಲೆ ಬರುತ್ತದೆ, ಆದರೆ ಪ್ರತಿ ಮರಿಯೂ ಮತ್ತೆ ತಳದಿಂದ ಸೇದಬೇಕು.

ಪ್ರಾಣಿಗಳು ಕಲಿಸುವುದೇ ಇಲ್ಲವೇ?

ಕಲಿಯುತ್ತವೆ ಧಾರಾಳವಾಗಿ, ಕಲಿಸುವುದು ಬಲು ಅಪರೂಪ. 1953ರಲ್ಲಿ ಜಪಾನಿನ ಕೋಷಿಮಾ ದ್ವೀಪದಲ್ಲಿ ಇಮೊ ಎಂಬ ಹೆಣ್ಣುಕೋತಿಮರಿ ಮಣ್ಣಾದ ಸಿಹಿಗೆಣಸನ್ನು ತೊರೆಯಲ್ಲಿ ತೊಳೆದು ತಿಂದಿತು. ಅದನ್ನು ಮೊದಲು ಕಲಿತವರು ಅದರ ತಾಯಿ ಮತ್ತು ಆಟದ ಜತೆಗಾರರು. ದೊಡ್ಡ ಗಂಡುಕೋತಿಗಳು ಬಹುಪಾಲು ಕಲಿಯಲೇ ಇಲ್ಲ. ಕಾಂಗೋದ ಕಾಡಿನಲ್ಲಿ ತಾಯಿ ಚಿಂಪಾಂಜಿ ತನ್ನ ಗೆದ್ದಲು ಕಡ್ಡಿಯನ್ನು ಮರಿಗೆ ಬಿಟ್ಟುಕೊಡುವುದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಅದನ್ನು ನಾನು ಪಾಠದ ಮೊದಲ ಅಕ್ಷರ ಅನ್ನುತ್ತೇನೆ.

2024ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ದುಂಬಿಗಳಿಗೆ ಎರಡು ಹಂತದ ಪೆಟ್ಟಿಗೆಯೊಂದನ್ನು ಇಟ್ಟರು. ಮೊದಲು ನೀಲಿ ಪಟ್ಟಿ ತಳ್ಳಬೇಕು, ಆಮೇಲೆ ಕೆಂಪು ಪಟ್ಟಿ, ಆಗ ಸಕ್ಕರೆ ನೀರು. ಯಾವ ದುಂಬಿಯೂ ತಾನೇ ಬಿಡಿಸಲಿಲ್ಲ. ಮನುಷ್ಯರು ತರಬೇತಿ ಕೊಟ್ಟ ದುಂಬಿಯ ಜತೆಯಲ್ಲಿದ್ದು ನೋಡಿದವುಗಳಲ್ಲಿ ಕೆಲವು ಕಲಿತುಬಿಟ್ಟವು. ತನ್ನಿಂದ ತಾನೇ ಆಗದ್ದನ್ನು ಇನ್ನೊಬ್ಬರಿಂದ ಕಲಿಯುವುದು ಮನುಷ್ಯನಿಗೆ ಮಾತ್ರ ಸಾಧ್ಯ ಅಂತ ಪಾಠ ಮಾಡುತ್ತಿದ್ದವರಲ್ಲಿ ನಾನೂ ಒಬ್ಬ. ಆ ವರ್ಷ ನನ್ನ ಟಿಪ್ಪಣಿಯಲ್ಲಿ ಆ ಸಾಲು ಹೊಡೆದು ಹಾಕಿದೆ.

ಮಿದುಳು ದೊಡ್ಡದಿದ್ದರೆ ಸಾಕಲ್ಲವೇ? ಆನೆಗೆ, ಡಾಲ್ಫಿನ್‌ಗೆ ನಮಗಿಂತ ದೊಡ್ಡದಿದೆಯಲ್ಲ?

ಸಾಲದು. ಆನೆಯ ಮಿದುಳಿನಲ್ಲಿ ಸುಮಾರು 25,700 ಕೋಟಿ ನರಕೋಶಗಳಿವೆ, ನಮ್ಮಲ್ಲಿ 8,600 ಕೋಟಿ. ಆದರೆ ಆನೆಯದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಿಂಭಾಗದ ಕಿರುಮಿದುಳಿನಲ್ಲಿವೆ. ಯೋಚನೆಗೆ ಬೇಕಾದ ಮಿದುಳಿನ ಹೊರಪದರದಲ್ಲಿ ಆನೆಗೆ ಸುಮಾರು 560 ಕೋಟಿ, ನಮಗೆ 1,600 ಕೋಟಿ.

ಡಾಲ್ಫಿನ್‌ಗೆ ಬುದ್ಧಿ ಇದೆ, ಬಳಗ ಇದೆ, ದೀರ್ಘ ಆಯುಸ್ಸೂ ಇದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಕೆಲವು ಡಾಲ್ಫಿನ್‌ಗಳು ಕಡಲತಳ ಕೆದಕುವಾಗ ಮೂತಿಗೆ ಗಾಯವಾಗದಂತೆ ಸ್ಪಂಜು ಸಿಕ್ಕಿಸಿಕೊಳ್ಳುತ್ತವೆ, ಅದು ಹೆಚ್ಚಾಗಿ ತಾಯಿಯಿಂದ ಮಗಳಿಗೆ ಬರುತ್ತದೆ. ಆದರೆ ಕೈಯಿಲ್ಲ. ಒಂದನ್ನು ಹಿಡಿದುಕೊಂಡು ಇನ್ನೊಂದರಿಂದ ಕೆತ್ತಲು ಆಗುವುದಿಲ್ಲ.

ಆಕ್ಟೋಪಸ್‌ನದು ತದ್ವಿರುದ್ಧ. ಎಂಟು ತೋಳು, ಸುಮಾರು 50 ಕೋಟಿ ನರಕೋಶ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ತೋಳುಗಳಲ್ಲೇ. ಇಂಡೋನೇಷ್ಯಾದ ಕಡಲಲ್ಲಿ ತೆಂಗಿನ ಚಿಪ್ಪು ಹೊತ್ತುಕೊಂಡು ಹೋಗಿ ಬೇಕಾದಾಗ ಮನೆ ಮಾಡಿಕೊಳ್ಳುವುದನ್ನು 2009ರಲ್ಲಿ ವರದಿ ಮಾಡಿದರು. ಆದರೆ ಹೆಚ್ಚಿನ ಜಾತಿಗಳ ಬದುಕು ಒಂದೆರಡು ವರ್ಷ. ಮೊಟ್ಟೆ ಒಡೆಯುವ ಹೊತ್ತಿಗೆ ತಾಯಿ ಸಾಯುತ್ತದೆ. ಮರಿಗೆ ಹೇಳಿಕೊಡುವವರು ಯಾರೂ ಇಲ್ಲ. ಅಷ್ಟು ಜಾಣ ಜೀವ ಪ್ರತಿ ಸಲವೂ ಒಂಟಿಯಾಗಿ ಶುರು ಮಾಡುತ್ತದೆ ಅನ್ನುವುದು ನೆನೆದರೆ ನನಗೆ ಸಂಕಟವಾಗುತ್ತದೆ.

ಬೆಂಕಿ ಇಲ್ಲದೆ ಉದ್ಯಮ ಆಗುವುದಿಲ್ಲವೇ?

ನನ್ನ ಮಟ್ಟಿಗೆ ಇಲ್ಲ. ಯಾಕೆ ಅಂತ ತಿಳಿಯಲು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಬನ್ನಿ. ಭತ್ತ ನೆನೆಸಬೇಕು, ಕಾಯಿಸಬೇಕು, ಒಣಗಿಸಿ ಅಕ್ಕಿ ಮಾಡಬೇಕು, ಉಪ್ಪು ಹಿಡಿಸಬೇಕು. ಕೊನೆಗೆ ಭಟ್ಟಿಯ ಮುಂದೆ ಕೂತವರು ಕೆಂಪಗೆ ಕಾದ ಬಾಣಲೆಯ ಮರಳಿಗೆ ಅಕ್ಕಿ ಸುರಿದು ಕೈ ಆಡಿಸುತ್ತಾರೆ. ಚಟಪಟ ಎಂದು ಅರಳುತ್ತದೆ, ತಕ್ಷಣ ಜರಡಿಗೆ ಎತ್ತಬೇಕು. ಒಂದು ಗಳಿಗೆ ತಡವಾದರೆ ಕರಿ, ಒಂದು ಗಳಿಗೆ ಮುಂಚೆ ತೆಗೆದರೆ ಗಟ್ಟಿ. ಒಳಗೆ ಹೊಗೆ, ಕಣ್ಣುರಿ. ಹತ್ತು ರೂಪಾಯಿಯ ಮಂಡಕ್ಕಿ ಪೊಟ್ಟಣದ ಹಿಂದೆ ಬಾಣಲೆಯ ಕಬ್ಬಿಣವಿದೆ, ಜರಡಿಯ ತಂತಿಯಿದೆ, ಉಪ್ಪು ತಂದ ಲಾರಿಯಿದೆ, ಭತ್ತ ಬೆಳೆದ ಭದ್ರಾ ನಾಲೆಯಿದೆ. ಇವುಗಳಲ್ಲಿ ಬೆಂಕಿ ಮುಟ್ಟದೆ ಬಂದದ್ದು ಯಾವುದು ಹೇಳಿ ಅಂದರೆ ಮಕ್ಕಳು ಬಹಳ ಹೊತ್ತು ಯೋಚಿಸುತ್ತಾರೆ.

ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಕಬ್ಬಿಣಕ್ಕೆ 1538. ಬರೀ ಸೌದೆಯ ಬೆಂಕಿ ಸಾಲದು, ಇದ್ದಿಲೂ ತಿದಿಯೂ ಬೇಕು. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಅದಿರು ನೆಲದಲ್ಲೇ ಇದೆ. ಅದರ ಮೇಲೆ ಕೋತಿಗಳು ಲಕ್ಷಾಂತರ ವರ್ಷ ಓಡಾಡಿದರೂ ಅವುಗಳಿಗೆ ಅದು ಬಂಡೆ ಅಷ್ಟೇ.

ನೀರಿನೊಳಗಿನ ಜೀವಿಗಳಿಗೆ ಈ ಬಾಗಿಲು ಮುಚ್ಚಿದ ಹಾಗೇ. ಕಡಲತಳದಲ್ಲಿ ಬಿಸಿನೀರು ಚಿಮ್ಮುವ ಬುಗ್ಗೆಗಳಿವೆ, ಅತಿ ಬಿಸಿಯಾದವೂ ಸುಮಾರು 400 ಡಿಗ್ರಿ. ತಾಮ್ರದ ಅರ್ಧ ದಾರಿಗೂ ಬರುವುದಿಲ್ಲ. ಡಾಲ್ಫಿನ್ ಎಷ್ಟೇ ಜಾಣವಾದರೂ ಕಮ್ಮಾರಿಕೆ ಅದಕ್ಕಿಲ್ಲ.

ಬೆಂಕಿ ಬಳಸುವ ಪ್ರಾಣಿ ಒಂದೂ ಇಲ್ಲವೇ?

ಆಸ್ಟ್ರೇಲಿಯಾದ ಉತ್ತರ ಭಾಗದ ಮೂಲನಿವಾಸಿಗಳು ಬಹಳ ಕಾಲದಿಂದ ಒಂದು ಮಾತು ಹೇಳುತ್ತಾ ಬಂದಿದ್ದಾರೆ. ಅಲ್ಲಿ ಹದ್ದುಗಳು ಉರಿಯುವ ಕಡ್ಡಿಯನ್ನು ಎತ್ತಿಕೊಂಡು ಹೋಗಿ ಬೇರೆ ಕಡೆಯ ಒಣಹುಲ್ಲಿಗೆ ಹಾಕುತ್ತವಂತೆ, ಓಡಿ ಬರುವ ಇಲಿ ಮಿಡತೆ ಹಿಡಿಯಲಿಕ್ಕೆ. ಅಂಥ ಕಣ್ಣಾರೆ ಕಂಡ ಹೇಳಿಕೆಗಳನ್ನೆಲ್ಲ 2017ರಲ್ಲಿ ಸಂಶೋಧಕರು ಒಂದುಗೂಡಿಸಿದರು. ಅವುಗಳಲ್ಲಿ ಒಂದು ಜಾತಿ ನಮ್ಮ ಊರಿನ ಮಾಂಸದಂಗಡಿ ಮೇಲೆ ಸುತ್ತುವ ಕಂದು ಹದ್ದೇ. ಹರಡುವುದು ಬೇರೆ, ಹೊತ್ತಿಸುವುದು ಬೇರೆ, ಕಾಪಾಡಿ ಇಡುವುದು ಇನ್ನೂ ಬೇರೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗವಿಯಲ್ಲಿ ಸುಮಾರು 10 ಲಕ್ಷ ವರ್ಷದ ಹಿಂದಿನ ಬೆಂಕಿಯ ಗುರುತಿದೆ. ಆ ಬೆಂಕಿ ಬಳಸಿದವರು ಇನ್ನೂ ನಾವಾಗಿರಲಿಲ್ಲ, ನಮ್ಮ ಜಾತಿಗೆ ವಯಸ್ಸು ಸುಮಾರು 3 ಲಕ್ಷ ವರ್ಷ.

ಗೆದ್ದಲು, ಇರುವೆ ಬೇಸಾಯ ಮಾಡುತ್ತವಂತಲ್ಲ? ಅದು ಉದ್ಯಮವಲ್ಲವೇ?

ಮೊದಲ ಮಳೆ ಬಿದ್ದ ಮೇಲೆ ಹೊಲದ ಹುತ್ತದಲ್ಲಿ ಅಣಬೆ ಏಳುತ್ತದಲ್ಲ, ಅದು ಗೆದ್ದಲಿನ ಬೆಳೆ. ಹುತ್ತದೊಳಗೆ ಗೆದ್ದಲುಗಳು ಅಗಿದ ಕಟ್ಟಿಗೆಯನ್ನು ಜೇನುಹುಟ್ಟಿನ ಹಾಗೆ ಜೋಡಿಸಿ ಶಿಲೀಂಧ್ರ ಬೆಳೆಸುತ್ತವೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ಅಮೆರಿಕದ ಇರುವೆಗಳದ್ದು ಅದಕ್ಕೂ ಹಳೆಯದು. ನಮ್ಮ ಬೇಸಾಯಕ್ಕೆ ಹನ್ನೆರಡು ಸಾವಿರ ವರ್ಷ ಆಗಿದ್ದರೆ ಹೆಚ್ಚು.

ಕೆಲಸ ಹಂಚಿಕೆ, ಗಾಳಿ ಆಡುವ ಕಟ್ಟಡ, ಉಗ್ರಾಣ ಎಲ್ಲ ಇವೆ. ಆದರೆ ಆ ವಿದ್ಯೆ ಇರುವುದು ಮೈಯಲ್ಲಿ, ಹುಟ್ಟಿನಿಂದಲೇ ಬಂದದ್ದು. ಬದಲಾಗಲು ಲಕ್ಷಗಟ್ಟಲೆ ವರ್ಷ ಬೇಕು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದು, ಗಿರಣಿಗಳು ಮುಚ್ಚಿ, ಜನ ಬೇರೆ ಕಸುಬು ಕಲಿತದ್ದು ಎಲ್ಲ ಒಂದು ಮನುಷ್ಯನ ಆಯುಸ್ಸಿನಲ್ಲಿ ನಡೆದುಹೋಯಿತು. ಗೆದ್ದಲಿಗೆ ಗಿರಣಿ ಮುಚ್ಚಿದರೆ ಇನ್ನೊಂದು ಕಸುಬಿಲ್ಲ.

ನಾವೇ ಕಲಿಸಿದರೆ?

ಕಾನ್ಜಿ ಎಂಬ ಬೊನೊಬೊ ವಾನರನಿಗೆ ಅಮೆರಿಕದಲ್ಲಿ ಕಲಿಸಿದರು. 1980ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡಿತು. ಚಿಹ್ನೆಗಳ ಫಲಕ ಮುಟ್ಟಿ ಮಾತಾಡುತ್ತಿತ್ತು, ಕಡ್ಡಿ ಗೀರಿ ಬೆಂಕಿ ಹೊತ್ತಿಸುತ್ತಿತ್ತು. ಪುರಾತತ್ವಜ್ಞ ನಿಕೋಲಸ್ ಟಾತ್ ಅದರ ಮುಂದೆ ಕಲ್ಲಿನ ಚಕ್ಕೆ ಎಬ್ಬಿಸಿ, ಚಕ್ಕೆಯಿಂದ ಹಗ್ಗ ಕೊಯ್ದರೆ ಪೆಟ್ಟಿಗೆಯಲ್ಲಿ ತಿಂಡಿ ಇದೆ ಎಂದು ತೋರಿಸಿದರು. ಕೈಯಲ್ಲಿ ಕಲ್ಲಿಗೆ ಕಲ್ಲು ಹೊಡೆಯುವುದು ಕಷ್ಟವಾದಾಗ ಕಾನ್ಜಿ ಕಲ್ಲನ್ನು ಗಟ್ಟಿ ನೆಲಕ್ಕೆ ಎತ್ತಿ ಎಸೆದು ಒಡೆಯಿತು. ಅದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ನೆಲಕ್ಕೆ ಜಮಖಾನ ಹಾಸಿದರೆ ಅದನ್ನು ಸರಿಸಿ ಎಸೆಯಿತು. ನನಗೆ ಇದು ಪ್ರತಿ ಸಲ ಹೇಳುವಾಗಲೂ ಮೈ ಜುಮ್ಮೆನ್ನಿಸುತ್ತದೆ.

ಹೊಸದು ಹುಟ್ಟಿಸುವ ಬುದ್ಧಿ ಅದರಲ್ಲಿತ್ತು. ಆದರೆ ಕಲಿಸುವವರು ಸುತ್ತ ಇರುವ ತನಕ ಮಾತ್ರ ಆ ವಿದ್ಯೆ ನಡೆಯಿತು. ಕಾಡಿನ ಬೊನೊಬೊಗಳು ಕಾನ್ಜಿಯಿಂದ ಏನನ್ನೂ ಪಡೆಯಲಿಲ್ಲ.

ನಮಗಿಂತ ಮುಂಚೆ ಯಾರಾದರೂ ಉದ್ಯಮ ಕಟ್ಟಿ ಅಳಿದುಹೋಗಿದ್ದರೆ?

2018ರಲ್ಲಿ ಗೇವಿನ್ ಶ್ಮಿಟ್ ಮತ್ತು ಆಡಮ್ ಫ್ರಾಂಕ್ ಎಂಬ ವಿಜ್ಞಾನಿಗಳು ಇದನ್ನೇ ಕೇಳಿಕೊಂಡರು. ಕೋಟಿಗಟ್ಟಲೆ ವರ್ಷವಾದರೆ ಊರು ಕೇರಿ ಯಾವುದೂ ಉಳಿಯುವುದಿಲ್ಲ, ಬಂಡೆಯ ರಸಾಯನದಲ್ಲಿ ಮಾತ್ರ ಗುರುತು ಹುಡುಕಬೇಕು ಎಂದರು. ಅಂಥವರು ಇದ್ದರು ಅಂತ ಅವರೂ ವಾದಿಸಲಿಲ್ಲ. ನನ್ನ ಉತ್ತರ ಸರಳ: ಮನುಷ್ಯ ಮೊದಲ ಸಲ ಅಗೆದಾಗ ಕಲ್ಲಿದ್ದಲು, ತಾಮ್ರ, ಚಿನ್ನ ಎಲ್ಲ ನೆಲದ ಮೇಲ್ಮೈಗೆ ಹತ್ತಿರವೇ, ಯಾರೂ ಮುಟ್ಟದ ಹಾಗೆ ಇದ್ದವು. ಉದ್ಯಮ ಕಟ್ಟಿದವರು ಅದನ್ನು ಬಿಟ್ಟು ಹೋಗುವುದಿಲ್ಲ. ಚಿತ್ರದುರ್ಗದ ಹತ್ತಿರ ಮಾರಡಿಹಳ್ಳಿಯಲ್ಲಿ ಕಡಲೊಳಗೆ ಲಾವಾ ಹೆಪ್ಪುಗಟ್ಟಿ ದಿಂಬಿನಂತಾದ ಬಂಡೆಗಳಿವೆ, ಅವು ಸುಮಾರು 250 ಕೋಟಿ ವರ್ಷ ಹಳೆಯವು. ಆ ಬಂಡೆ ಮುಟ್ಟಿ ಮಕ್ಕಳು ಈ ಪ್ರಶ್ನೆ ಕೇಳಿದರೆ, ಆಗ ಪ್ರಾಣಿಗಳೇ ಇರಲಿಲ್ಲ ಅನ್ನುವುದನ್ನು ಮೊದಲು ಹೇಳುತ್ತೇನೆ.

ಹಾಗಾದರೆ ಮುಂದೆ ಎಂದಾದರೂ ಸಾಧ್ಯವೇ? ನೇರ ಉತ್ತರ ಕೊಡಿ.

ಸಾಧ್ಯ. ತಡೆಯುವ ನಿಯಮ ಪ್ರಕೃತಿಯಲ್ಲಿ ಇಲ್ಲ. ನಿಯಾಂಡರ್ತಾಲರು ಅನ್ನುವ ಇನ್ನೊಂದು ಬಗೆಯ ಮನುಷ್ಯರು ನಮ್ಮ ಜಾತಿಯಲ್ಲ, ಆದರೂ ಬರ್ಚ್ ಮರದ ತೊಗಟೆ ಕಾಯಿಸಿ ಅಂಟು ತೆಗೆದು ಕಲ್ಲಿಗೆ ಹಿಡಿ ಕೂರಿಸಿದರು. ಸುಮಾರು 40 ಸಾವಿರ ವರ್ಷದ ಹಿಂದೆ ಅವರು ಇಲ್ಲವಾದರು. ದಾರಿ ಒಬ್ಬರಿಗೇ ಮೀಸಲಿರಲಿಲ್ಲ ಅನ್ನುವುದಕ್ಕೆ ಅವರು ಸಾಕ್ಷಿ.

ಆದರೆ ನಾವು ಇರುವಷ್ಟು ದಿನ ಇನ್ನೊಬ್ಬರಿಗೆ ಜಾಗ ಸಿಗುವುದು ನನಗೆ ಕಾಣುವುದಿಲ್ಲ. ನಾವು ಇಲ್ಲವಾದ ಮೇಲೆ, ನೆಲದ ಮೇಲೆ ಬದುಕುವ, ಕೈಯಂಥದ್ದು ಇರುವ, ಗುಂಪಿನಲ್ಲಿ ಬಾಳುವ, ಬಹುಕಾಲ ತಾಯಿಯ ಜತೆ ಬೆಳೆಯುವ ಯಾವುದೋ ಜೀವಿಗೆ ಹತ್ತಾರು ಲಕ್ಷ ವರ್ಷಗಳಲ್ಲಿ ಬಂದೀತು. ಅದಕ್ಕೂ ನಮಗಿಂತ ಕಷ್ಟ ಹೆಚ್ಚು, ಕೈಗೆ ಸುಲಭವಾಗಿ ಸಿಗುತ್ತಿದ್ದ ಕಲ್ಲಿದ್ದಲನ್ನು ನಾವು ಬಹುಪಾಲು ಸುಟ್ಟಾಗಿದೆ. ಕೆನ್ಯಾದ ಲೊಮೆಕ್ವಿಯ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷ. ಅಲ್ಲಿಂದ ಜೇಮ್ಸ್ ವಾಟ್ 1769ರಲ್ಲಿ ಉಗಿಯಂತ್ರಕ್ಕೆ ಪೇಟೆಂಟ್ ಪಡೆಯುವ ತನಕ ಹಿಡಿದ ಕಾಲ ಎಷ್ಟು ನೋಡಿ.

ಕೋತಿಗೆ ತಿಂಡಿ ಕೊಡುತ್ತಾ ಹೋದರೆ ಬುದ್ಧಿ ಬೆಳೆಯುತ್ತದೆಯೇ?

ಇಲ್ಲ, ದಯವಿಟ್ಟು ಕೊಡಬೇಡಿ. ಬಂಡೀಪುರದ ಕೋತಿಗಳು ಪ್ರವಾಸಿಗರ ಕಡೆ ನೋಡಿ ಕೂಗು ಹಾಕಿ ಕೈ ಚಾಚಿ ತಿಂಡಿ ಕೇಳುವುದನ್ನು 2018ರಲ್ಲಿ ಅಧ್ಯಯನ ಮಾಡಿ ಬರೆದಿದ್ದಾರೆ. ಅದು ಅವುಗಳ ಜಾಣತನವೇ ಹೌದು, ಆದರೆ ರಸ್ತೆಗೆ ಬಂದ ಕೋತಿ ವಾಹನಕ್ಕೆ ಸಿಕ್ಕಿ ಸಾಯುತ್ತದೆ.

ಮನೆ ಹತ್ತಿರವೇ ಏನಾದರೂ ನೋಡಿ ಬರೆದಿಡಬಹುದೇ?

ಕಾಗೆ ನೋಡಿ. ಹೋದ ವರ್ಷ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಮ್ಮ ಎಮ್ಮೆಯ ನೀರಿನ ಬಾನಿಯ ಹತ್ತಿರ ದಿನಾ ಬೆಳಿಗ್ಗೆ ಕೂತು ಬರೆದಳು. ದೊಡ್ಡ ಕಾಗೆ ಒಣ ರೊಟ್ಟಿ ಚೂರು ತಂದು ನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಿತ್ತು. ಮರಿ ಗೋಡೆ ಮೇಲೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಎಂಟು ದಿನ ಮರಿ ಅದ್ದಲಿಲ್ಲ. ಒಂಬತ್ತನೇ ದಿನ ಅದ್ದಿತು, ಆದರೆ ಆಗಲೇ ನೆಂದಿದ್ದ ಚೂರನ್ನು. ನೋಡಿ ಕಲಿತದ್ದಾ, ತಾನೇ ಕಲಿತದ್ದಾ ಸರ್ ಅಂತ ಕೇಳಿದಳು. ಒಂದು ಮರಿ ನೋಡಿ ಹೇಳಲಾಗದು, ದೊಡ್ಡ ಕಾಗೆ ಅದ್ದದ ಕಡೆಯ ಮರಿಯನ್ನೂ ನೋಡಬೇಕು ಅಂದೆ. ಈಗ ಪಕ್ಕದ ಬೀದಿಯ ಬಾನಿಯ ಹತ್ತಿರವೂ ಅವಳ ತಮ್ಮ ನೋಟ್‌ಬುಕ್ ಹಿಡಿದು ಕೂರುತ್ತಾನೆ.